ಎರಡನೆಯ ಆಲ್ಬಮ್ಮಿನ ಗಂಟಲು

ನಮ್ಮೆಜಮಾನರು ಮದುವೆಗೆ ಮುಂಚೆ ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ಹಿಂದೂಪುರದಲ್ಲಿ ಅವರದು ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಬೆಳಗಿನಿಂದ ಸಂಜೆವರೆಗೆ ತಾಮ್ರದ ತಂತಿಯ ಜೊತೆಗೇ ಅವರ ಸಂಸಾರ. ಬಾಯಿ ತೆಗೆದರೆ ಗರಗಸ ಎಳೆದ ಹಾಗೆ ಕೇಳಿಸುತ್ತದೆ. ಈ ಮನುಷ್ಯ ಹಾಡಿದ್ದನ್ನು ಕೇಳಿಯೇ ನಾನು ಮದುವೆಗೆ ಒಪ್ಪಿದ್ದು ಎಂದರೆ ನನ್ನ ನಾದಿನಿಯರು ಇವತ್ತಿಗೂ ನಗುತ್ತಾರೆ.

ನಾನು ಕುಂದುರ್ಪಿಯವಳು. ಕಲ್ಯಾಣದುರ್ಗದ ಕಾಲೇಜಿಗೆ ದಿನಾ ಶೇರ್ ಜೀಪಿನಲ್ಲಿ ಹೋಗಿ ಬರುತ್ತಿದ್ದೆ. ಜೀಪಿನ ಡ್ರೈವರು ಹತ್ತುವಾಗ ಹಾಕಿದರೆ ಇಳಿಯುವವರೆಗೂ ಇವರ ಬ್ಯಾಂಡಿನ ಮೊದಲನೆಯ ಆಲ್ಬಮ್ಮೇ. ಹಿಂದೂಪುರದ ನಾಲ್ಕು ಹುಡುಗರು ಸೇರಿ ಮಾಡಿದ್ದಂತೆ ಎಂದು ಜನ ಹೆಮ್ಮೆಯಿಂದ ಹೇಳುತ್ತಿದ್ದರು. ಒಂದು ಸಾಲು ಕನ್ನಡ, ಮುಂದಿನ ಸಾಲು ತೆಲುಗು. ಗಡಿಸೀಮೆಯ ನಾವು ಮನೆಯಲ್ಲಿ ಮಾತಾಡುವುದೇ ಹಾಗಲ್ಲವೇ, ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಗಿಟಾರು ಡ್ರಮ್ಮು ಓಡುತ್ತಿದ್ದ ರಭಸಕ್ಕೆ ಜೀಪೇ ಹಿಂದೆ ಬೀಳುತ್ತಿತ್ತು. ಅದರ ಮೇಲೆ ಆ ದನಿ! ತೆಳ್ಳಗೆ, ಮೇಲಕ್ಕೆ, ಎಳೇ ಮಾವಿನಕಾಯಿ ಕಚ್ಚಿದಾಗ ಹಲ್ಲು ಜುಮ್ಮೆನ್ನುವ ಹಾಗೆ. ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಅದನ್ನೇ ತುಂಬಿಸಿಕೊಂಡೆ. ನನ್ನ ಫೋನಿಂದ ಗೆಳತಿಯರ ಫೋನಿಗೆ ಹೋಯಿತು, ಅಲ್ಲಿಂದ ಅವರ ಅಣ್ಣತಮ್ಮಂದಿರಿಗೆ.

ಆಮೇಲೆ ಎರಡನೆಯ ಆಲ್ಬಂ ಬಂತು. ಅಯ್ಯೋ, ಆಗಿನ ಜಗಳ ಏನು ಕೇಳುತ್ತೀರಿ. ಹಿಂದೂಪುರದ ಕಡೆಯವರು ಮೊದಲನೆಯದಕ್ಕಿಂತ ಇದೇ ಚೆಂದ ಎಂದರು. ನಮ್ಮ ಕಡೆ ಕಲ್ಯಾಣದುರ್ಗ, ಸೆಟ್ಟೂರಿನವರೆಲ್ಲ ಉಗಿದು ಉಪ್ಪು ಹಾಕಿದರು. ಹಾಡುಗಳು ಎದ್ದೇಳುವುದೇ ಇಲ್ಲ, ದನಿ ದಪ್ಪ, ಹೂಂ ಎನ್ನುವುದಕ್ಕೂ ಯೋಚನೆ ಮಾಡುತ್ತಿರುವ ಹಾಗೆ ಹಾಡುತ್ತಾನೆ ಎಂದು. ಜೀಪಿನ ಡ್ರೈವರು ಎರಡನೇ ಹಾಡಿಗೇ ಆರಿಸಿ, ಸತ್ತವರ ಮನೆ ಹಾಡು ಎಂದು ಬೈದ. ಕುಡಿದು ಗಂಟಲು ಕೆಡಿಸಿಕೊಂಡಿದ್ದಾನೆ ಎಂದರು ಕೆಲವರು. ಇದು ಅವನಲ್ಲವೇ ಅಲ್ಲ, ಬೇರೆ ಯಾರನ್ನೋ ಕರೆಸಿ ಹಾಡಿಸಿದ್ದಾರೆ ಎಂದರು ಇನ್ನು ಕೆಲವರು. ಹಿಂದೂಪುರದಿಂದ ಬಂದ ನೆಂಟರ ಜೊತೆ ನಾನೂ ವಾದಕ್ಕಿಳಿಯುತ್ತಿದ್ದೆ, ಕಿವಿ ಇದೆಯೋ ಇಲ್ಲವೋ ನಿಮಗೆ ಎಂದು. ಒಂದೆರಡು ವರ್ಷಕ್ಕೆ ಬ್ಯಾಂಡೇ ಚದುರಿಹೋಯಿತು.

ಆ ಹಾಡುಗಾರನ ಸಂಬಂಧವೇ ನಮ್ಮ ಮನೆಗೆ ಬಂದಾಗ ನನಗೆ ನೆಲ ಕಾಣಲಿಲ್ಲ. ಹೆಣ್ಣು ನೋಡಲು ಬಂದ ದಿನ ಹಿರಿಯರ ಮುಂದೆಯೇ ಮೊದಲನೆಯ ಆಲ್ಬಮ್ಮಿನ ಒಂದು ಸಾಲನ್ನು ಕೀಚು ದನಿಯಲ್ಲಿ ಹಾಡಿ ತೋರಿಸಿದೆ. ಅಷ್ಟಕ್ಕೆ ಬಿಡಲಿಲ್ಲ. "ಎರಡ್ನೇದೊಂದು ಮಾಡ್ದೆ ಇದ್ದಿದ್ರೆ ಚೆನ್ನಾಗಿರೋದು ಕಣ್ರೀ" ಎಂದುಬಿಟ್ಟೆ. ಎಲ್ಲರೂ ನಕ್ಕರು, ಇವರೂ ನಕ್ಕರು. ಅಷ್ಟು ಹೊತ್ತಿಗೆ ಇವರ ಗಂಟಲು ಒಡೆದುಹೋಗಿತ್ತು. ವೇದಿಕೆಗಳ ಮೇಲೆ ಕೂಗಿ ಕೂಗಿ ಹೀಗಾಯಿತು ಎಂದರು ಅವರ ಕಡೆಯವರು. ಪರವಾಗಿಲ್ಲ, ಈ ಗೊರಗೊರದ ಒಳಗೆ ಎಲ್ಲೋ ಆ ದನಿ ಇದೆಯಲ್ಲ ಎಂದುಕೊಂಡು ಸಂಸಾರಕ್ಕೆ ಬಂದೆ.

ಈಚೆಗೆ ಆ ಗೊರಗೊರವೂ ಕೈಕೊಡುತ್ತಿದೆ. ಸಂಜೆಯಾದರೆ ಬರೀ ಗಾಳಿ ಹೊರಡುತ್ತದೆ. ಅಂಗಡಿಗೆ ಫೋನು ಮಾಡಿದ ರೈತರು ಸಿಗ್ನಲ್ ಇಲ್ಲವೆಂದು ಕಟ್ ಮಾಡುತ್ತಾರೆ. ಡಾಕ್ಟರು ಗಂಟಲಲ್ಲಿ ಕ್ಯಾಮೆರಾ ಇಳಿಸಿ ನೋಡಿ, ಗಂಟುಗಳಾಗಿವೆ, ಸಣ್ಣ ಆಪರೇಷನ್, ಆಮೇಲೆ ಕೆಲವು ದಿನ ಮೌನವಾಗಿದ್ದರೆ ಹಳೆಯ ದನಿ ಬಹುಪಾಲು ವಾಪಸು ಬರುತ್ತದೆ, ಹೀಗೇ ಬಿಟ್ಟರೆ ಮುಂದೆ ಮಾತಿಗೇ ತೊಂದರೆ ಎಂದರು. ಇವರೋ, ಬೇಸಿಗೆ ಕಳೆಯಲಿ, ಮೋಟಾರು ಸುಟ್ಟುಕೊಂಡು ಜನ ಬರುತ್ತಾರೆ ಎಂದರು. ಬೇಸಿಗೆ ಕಳೆಯಿತು. ಹಬ್ಬ ಕಳೆಯಲಿ ಎಂದರು. ಹಬ್ಬವೂ ಕಳೆಯಿತು. ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಗಂಡಸಾಗಿ ಒಂದು ಕತ್ತರಿಗೆ ಹೆದರುತ್ತೀರಲ್ಲ ಎಂದು ದಿನಾ ಹಂಗಿಸುತ್ತಿದ್ದೆ. ಆಪರೇಷನ್ ಆದ ಮೇಲೆ ಆ ಮೊದಲನೆಯ ಆಲ್ಬಮ್ಮಿನ ಒಂದು ಹಾಡು, ನನ್ನೊಬ್ಬಳಿಗೇ, ಅಡುಗೆಮನೆಯಲ್ಲಿ. ಆ ಆಸೆಯನ್ನೂ ಬಾಯಿಬಿಟ್ಟು ಹೇಳಿದ್ದೆ.

ಹೀಗಿರುವಾಗ ಬ್ಯಾಂಡಿನ ಗಿಟಾರಿನವನು ಫೋನು ಮಾಡಿದ. ಎರಡೂ ಆಲ್ಬಮ್ಮುಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಿದ್ದಾನಂತೆ. ನಾನು ಆಗಾಗ ಪತ್ರಿಕೆಗೆ ಬರೆಯುತ್ತೇನಾದ್ದರಿಂದ, ಅವುಗಳ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಅತ್ತಿಗೆ ಎಂದು ಮೂಲ ರೆಕಾರ್ಡಿಂಗುಗಳನ್ನು ಕಳಿಸಿದ. ಇವರು ಅಂಗಡಿಗೆ ಹೋದ ಮೇಲೆ ಮೊರದ ತುಂಬ ಕಡಲೆಕಾಯಿ ಸುರುವಿಕೊಂಡು ಸುಲಿಯುತ್ತಾ ಮೊದಲನೆಯದನ್ನು ಹಾಕಿದೆ.

ಹಾಡು ತೆವಳುತ್ತಿತ್ತು. ಫೈಲು ಕೆಟ್ಟಿದೆ ಎಂದುಕೊಂಡು ಮುಂದಿನದಕ್ಕೆ ಹೋದೆ. ಅದೂ ಹಾಗೇ. ದನಿ ಯಾರದೋ ಏನೋ, ದಪ್ಪಗೆ, ಕೆಳಗೆ. ಪದಗಳು ಅವೇ, ಗಿಟಾರು ಅದೇ, ಆದರೆ ನನ್ನ ಹಾಡುಗಾರ ಅಲ್ಲಿ ಇರಲೇ ಇಲ್ಲ. ಸಿಟ್ಟಿನಿಂದ ಗಿಟಾರಿನವನಿಗೆ ಫೋನು ಹಚ್ಚಿದೆ, ಏನಪ್ಪಾ ನೀನು ಕಳಿಸಿರೋದು ಎಂದು.

"ಫೈಲು ಸರಿಯಾಗೇ ಐತೆ ಅತ್ತಿಗೆ," ಎಂದ ಅವನು. "ನೀವು ಜೀಪ್ನಾಗೆ ಕೇಳಿದ್ದೇ ಸರೀಗಿರ್ಲಿಲ್ಲ."

ಅವನು ಹೇಳುತ್ತಾ ಹೋದ, ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನಿಗೆ ಜೀಪಿನವರೇ ಗಿರಾಕಿಗಳು. ಉದ್ದದ ಒಣ ದಾರಿ, ಪ್ಯಾಸೆಂಜರುಗಳು ತೂಕಡಿಸುತ್ತಾರೆ, ಹಾಡಿಗೆ ಜೋರಿರಬೇಕು ಎಂದು ಅವರು ಕೇಳುತ್ತಿದ್ದರಂತೆ. ಅವನು ಯಾವ ಹಾಡು ಬಂದರೂ ಕಂಪ್ಯೂಟರಿನಲ್ಲಿ ಸ್ಪೀಡು ಏರಿಸಿಯೇ ಕಾರ್ಡಿಗೆ ತುಂಬುತ್ತಿದ್ದ. ಸ್ಪೀಡು ಏರಿದರೆ ದನಿ ತೆಳುವಾಗಿ ಮೇಲೆ ಹೋಗುತ್ತದೆ. ಆ ಕಾರ್ಡಿನಿಂದ ಫೋನಿಗೆ, ಫೋನಿನಿಂದ ಫೋನಿಗೆ ನಮ್ಮ ಸೀಮೆಗೆಲ್ಲ ಹಬ್ಬಿದ್ದು ಅದೇ. ಹಿಂದೂಪುರದವರು ಕೇಳಿದ್ದು ಬ್ಯಾಂಡಿನವರೇ ಕೈಯಾರೆ ಕೊಟ್ಟ ಸೀಡಿ. ಅಂದರೆ ಅಷ್ಟು ದಿನ ಕಚ್ಚಾಡಿದ ನಾವೂ ಅವರೂ ಮೊದಲನೆಯ ಆಲ್ಬಂ ಎಂದು ಒಂದೇ ಆಲ್ಬಮ್ಮನ್ನು ಕೇಳಿಯೇ ಇರಲಿಲ್ಲ.

ಎರಡನೆಯ ಆಲ್ಬಂ ಬರುವ ಮುಂಚೆ ಕಲ್ಯಾಣದುರ್ಗದ ವಿನಾಯಕನ ಪೆಂಡಾಲಿನಲ್ಲಿ ಇವರು ಹಾಡಲು ಬಂದಿದ್ದು ನನಗೆ ಚೆನ್ನಾಗಿ ನೆನಪಿದೆ, ಹೆಂಗಸರ ಕಡೆ ನಾನೂ ನಿಂತಿದ್ದೆ. ಶುರು ಮಾಡಿದ ಕೂಡಲೇ ಜನ ಇದಲ್ಲ, ಇದಲ್ಲ ಎಂದು ಕೂಗಿ, ಫೋನು ಎತ್ತಿ ಹಿಡಿದು ಹಾಡು ಕೇಳಿಸಿದ್ದರು. ಬ್ಯಾಂಡಿನವರಿಗೆ ಸಂಗತಿ ಗೊತ್ತಾದದ್ದೇ ಆಗ. ತಂತಿ ಬಿಗಿದು ಶ್ರುತಿ ಏರಿಸಿ ಓಡಿಸಿದರು. ಇವರು ತಮ್ಮದಲ್ಲದ ಎತ್ತರಕ್ಕೆ ಕತ್ತಿನ ನರ ಉಬ್ಬಿಸಿ ಕಿರುಚಿದರು. ಅದು ಆವೇಶ ಎಂದುಕೊಂಡು ನಾನು ಅಂಗೈ ಕೆಂಪಾಗುವಂತೆ ಚಪ್ಪಾಳೆ ಹೊಡೆದೆ. ಆಮೇಲೆ ಪ್ರತಿ ಊರಿನಲ್ಲೂ ಅದೇ ಬೇಕೆಂದರಂತೆ. ಗಂಟಲು ನೋಯತೊಡಗಿತು. ಕೆಲವು ತಿಂಗಳು ಸುಮ್ಮನಿದ್ದು, ವಾಸಿಯಾದ ಮೇಲೆ, ತಮ್ಮದೇ ಶ್ರುತಿಯಲ್ಲಿ ಎರಡನೆಯದನ್ನು ಹಾಡಿದರು. ಹೇಗಿದೆಯೋ ಹಾಗೇ ಹಾಕ್ರಪ್ಪ ಎಂದು ಅಂಗಡಿ ಅಂಗಡಿಗೆ ತಾವೇ ಹೋಗಿ ಕೈಮುಗಿದರು. ನಾವು ಉಗಿದದ್ದು ಅದಕ್ಕೆ. ಮತ್ತೆ ಹಳೆಯದನ್ನೇ ಹಾಡಿ ಎಂದು ವೇದಿಕೆ ಹತ್ತಿಸಿದೆವು, ಆ ಸಲ ಹೋದ ಗಂಟಲು ಹೋಗಿಯೇಬಿಟ್ಟಿತು.

ಫೋನು ಇಟ್ಟು ಎರಡನೆಯ ಆಲ್ಬಂ ಹಾಕಿದೆ. ಪೂರ್ತಿ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಡ್ರಮ್ಮು ಅವಸರ ಮಾಡುವುದಿಲ್ಲ. ಗಿಟಾರು ಒಂದು ಮಾತು ಆಡಿ ಜಾಗ ಬಿಡುತ್ತದೆ. ಸೆಟ್ಟೂರಿನ ಬಸ್ಸಿಗೆ ಕಾಯುವವನ ಹಾಡೊಂದಿದೆ. ಬಸ್ಸು ಬಂತೋ ಇಲ್ಲವೋ ಹಾಡು ಹೇಳುವುದಿಲ್ಲ, ಸಾಲು ಸಾಲಿನ ನಡುವೆ ಹಾಡುವವನು ಉಸಿರು ಎಳೆದುಕೊಳ್ಳುವುದು ಮಾತ್ರ ಕೇಳಿಸುತ್ತದೆ. ತುಂಬಿದ, ಬೆಚ್ಚಗಿನ ದನಿ. ಇದನ್ನೇ ಡ್ರೈವರು ಸತ್ತವರ ಮನೆ ಹಾಡು ಎಂದಾಗ ನಾನು ತಲೆದೂಗಿದ್ದು. ಇಷ್ಟು ವರ್ಷ ಒಟ್ಟಿಗೆ ಉಂಡು ಮಲಗಿದ ಗಂಡನ ನಿಜವಾದ ದನಿಯನ್ನು ನಾನು ಆವತ್ತು ಕೇಳಿದೆ. ಕಾಯಿ ಸುಲಿಯುವುದು ಬಿಟ್ಟು ಗೊಳೋ ಎಂದು ಅತ್ತೆ.

ಊಟಕ್ಕೆ ಬಂದ ಇವರು ಬಾಗಿಲಲ್ಲೇ ನಿಂತರು. ಚಪ್ಪಲಿ ಬಿಡಲಿಲ್ಲ. ಹಾಡು ಮುಗಿಯುವವರೆಗೂ ಹಾಗೇ ನಿಂತಿದ್ದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಆಪರೇಷನ್ ಮಾಡ್ಸಿದ್ರೆ ಬರೋದು ಈ ಗಂಟ್ಲು ಕಣೆ," ಎಂದರು. "ನೀನು ಅಡುಗೆಮನ್ಯಾಗೆ ಹಾಡು ಅಂದ್ಯಲ್ಲ, ಅದು ಬರಕಿಲ್ಲ. ಅದು ಯಾವತ್ತೂ ಇರ್ಲೇ ಇಲ್ಲ."

"ಅದುಕ್ಕೇ ದಿನ ತಳ್ಳುತಿದ್ರಾ? ನಾನು ಕತ್ರಿಗೆ ಹೆದ್ರುತೀರಿ ಅಂದ್ಕಂಡಿದ್ದೆ."

"ಕತ್ರಿಗೆ ಯಾರು ಹೆದ್ರುತಾರೆ," ಎಂದರು. ಮಾತು ಅಲ್ಲಲ್ಲಿ ಬರೀ ಗಾಳಿಯಾಗುತ್ತಿತ್ತು. "ನಂಗೆ ನಿಂದೇ ಹೆದ್ರಿಕೆ. ಈ ದನಿ ವಾಪಸ್ ಬಂದು, ಹೆಣ್ಣು ನೋಡೋಕೆ ಬಂದ ದಿನ ಅಂದಂಗೇ ನೀನು ಅಂದ್ಬುಟ್ರೆ? ಗಂಟ್ಲು ಕೆಟ್ಟೋಗೈತೆ ಅಂತ ನೀನು ಅಂದ್ಕಂಡಿರೋದೇ ಮೇಲು ಅನ್ಸ್ತು."

ಆಸ್ಪತ್ರೆಗೆ ಫೋನು ಹಚ್ಚಿದೆ. ಆಪರೇಷನ್ ಯಾರಿಗೆ ಎಂದು ಅಲ್ಲಿಯ ಹುಡುಗಿ ಕೇಳಿದಳು. ಇವರೇ ಫೋನು ಇಸಿದುಕೊಂಡು ತಮ್ಮ ಹೆಸರು ಹೇಳಿದರು. ಅವಳಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದರು. ಅರ್ಥವಾಗುವವರೆಗೂ ಹೇಳಿದರು.