ಊರಿಗೆಲ್ಲ ಇರುವ ವಿಮೆ ಇವರಿಗಿಲ್ಲ

ಬೆಳಿಗ್ಗೆ ನಲ್ಲಿಯಿಂದ ನೀರು ತಂದೆ. ಜೋಳ ಹಸನು ಮಾಡಿದೆ. ಸ್ಟೌವಿನ ಬತ್ತಿ ಕತ್ತರಿಸಿದೆ. ಯಜಮಾನರ ಬಿಳಿ ಅಂಗಿಗೆ ಗುಂಡಿ ಹೊಲಿದೆ. ಕಾರಿನ ಕಾಗದಗಳನ್ನು ಕೈಚೀಲದಲ್ಲಿಟ್ಟುಕೊಂಡು ಇವರ ಜೊತೆ ವಾಡಿಯಿಂದ ಪ್ಯಾಸೆಂಜರ್ ಗಾಡಿ ಹತ್ತಿ ಗುಲ್ಬರ್ಗಕ್ಕೆ ಹೋದೆ. ಅಲ್ಲಿಯ ವಿಮೆ ಕಚೇರಿಯಲ್ಲಿ, ನನ್ನ ಗಂಡ ಅಪಾಯದ ಡ್ರೈವರ್ ಎಂದು ಕೇಳಿಸಿಕೊಂಡು ಬಂದೆ.

ನಮ್ಮೂರು ಮದ್ದೂರಿನಲ್ಲಿ ಹೆರಿಗೆಗೆ ಹೊರಟ ಸೊಸೆಯನ್ನು ಇವರ ಕಾರಿನಲ್ಲೇ ಕಳಿಸಬೇಕು ಎಂದು ಹಟ ಹಿಡಿಯುವ ಅತ್ತೆಯರಿದ್ದರು. ಅಲ್ಲಿ ಬಾಡಿಗೆ ಕಾರು ಹೆಚ್ಚಾದವು. ವಾಡಿ ಜಂಕ್ಷನ್ನು, ಸುತ್ತ ಸಿಮೆಂಟು ಕಾರ್ಖಾನೆ, ಇಳಿಯುವ ಜನಕ್ಕೆ ಕಾರು ಸಿಗುವುದಿಲ್ಲ ಎಂದು ಯಾರೋ ಹೇಳಿದರು. ಹಳೆಯ ಅಂಬಾಸಡರ್ ಜೊತೆ ಬಂದೆವು. ರಾಜ್ಯದ ಹೆಸರು ಕರ್ನಾಟಕವಾಗಿದ್ದರೂ ಇಲ್ಲಿ ನಾವು ಇವತ್ತಿಗೂ ‘ಮೈಸೂರಿನೋರು’.

ನಮ್ಮ ಕಡೆ ಹಿತ್ತಲಿಗೆ ಹಸಿರು ಬೇಲಿ. ಕಾರು ತಾಗಿದರೆ ನಾಲ್ಕು ಎಲೆ ಉದುರುತ್ತವೆ. ಇಲ್ಲಿ ಬೇಲಿ ಎಂದರೆ ಫರ್ಸಿ. ನೆಲದಿಂದ ತೆಗೆದ ಚಪ್ಪಟೆ ಕಲ್ಲನ್ನು ಸಾಲಾಗಿ ನೆಟ್ಟಗೆ ನಿಲ್ಲಿಸಿಬಿಡುತ್ತಾರೆ. ರಸ್ತೆಯ ಬಣ್ಣವೂ ಕಲ್ಲಿನ ಬಣ್ಣವೂ ಒಂದೇ. ಕಾರು ಹಿಂದಕ್ಕೆ ತೆಗೆಯುವಾಗ ಇವರು ಮೊದಲು ಕೆಡವಿದ್ದು ಪಕ್ಕದ ಮನೆ ಹಫೀಜಾಬಿಯ ಗೋಡೆ. ಆಮೇಲೆ ಸ್ಟೇಷನ್ ಹತ್ತಿರ ಇನ್ನೊಂದು. ಮೂರನೆಯದು ಶಹಾಬಾದ್ ರಸ್ತೆಯಲ್ಲಿ. ಮುಂದೆ ಫರ್ಸಿ ಹೇರಿದ ಲಾರಿ, ಅದರ ಧೂಳು. ನಮ್ಮೂರ ಅಭ್ಯಾಸದಂತೆ ಹಾರ್ನ್ ಹೊಡೆದು ಮುಂದೆ ಹೋಗಲು ನೋಡಿದರು. ಹೊರಗೆ ಚಾಚಿದ್ದ ಕಲ್ಲು ಗಾಜು ಒಡೆದು ಇವರ ಪಕ್ಕದ ಖಾಲಿ ಸೀಟಿಗೆ ಬಂದು ನಿಂತಿತು. ಮೂರು ಸಲವೂ ರಿಪೇರಿಗೆ ವಿಮೆಯವರೇ ಕೊಟ್ಟಿದ್ದರು.

ಈ ತಿಂಗಳ ಕೊನೆಗೆ ವಿಮೆ ಮುಗಿಯುತ್ತದೆ. ಕಚೇರಿಯ ಸಾಹೇಬರು ಕಾಗದ ತಿರುವಿ ಹಾಕಿ ಹೇಳಿದರು:

“ಫುಲ್ ಇನ್ಶೂರೆನ್ಸ್ ಬೇಕಂದ್ರ ಕಂತು ಡಬಲ್ ಆಗ್ತದ್ರಿ. ಮ್ಯಾಲ ಪ್ರತಿ ಸಲ ರಿಪೇರಿದಾಗ ಮೊದಲ ಒಂದಿಷ್ಟು ಖರ್ಚು ನಿಮ್ದೇ. ಇಲ್ಲಾಂದ್ರ ಬರೀ ಥರ್ಡ್ ಪಾರ್ಟಿ ಮಾಡಸ್ರಿ, ಅದು ಸೋವಿ.”

“ಥರ್ಡ್ ಪಾರ್ಟಿ ಅಂದ್ರೆ ಯಾರು ಸಾರ್?” ಎಂದೆ.

“ರಸ್ತಾದಾಗಿನ ಮಂದಿ. ನಡ್ಕೋತ ಹೋಗೋರು, ಸೈಕಲ್ಲಿನವರು, ಯಾರದರ ಗ್ವಾಡಿ.”

“ಮತ್ತೆ ಇವರು?”

“ಗಾಡಿ ಮಾಲಕರೂ ಇವರೇ ರೀ ಅಮ್ಮಾ, ಓಡ್ಸೋರೂ ಇವರೇ. ಇವರಿಗೆ ಏನಾದ್ರೂ ಆ ಪಾಲಿಸಿದಾಗ ಏನೂ ಬರಂಗಿಲ್ಲ.” ನನ್ನ ಮುಖ ನೋಡಿ ದನಿ ಇಳಿಸಿದರು. “ಬ್ಯಾರೆ ಡ್ರೈವರ್ ಇಟ್ಕೊಳ್ರಿ. ಆಕ್ಸಿಡೆಂಟ್ ಮಾಡದವ. ಹಳೇ ಕಂತಿನಾಗೇ ಫುಲ್ ಮಾಡಿ ಕೊಡ್ತೀನಿ.”

ಮನೆಗೆ ಬಂದಾಗ ಹಫೀಜಾಬಿ ಕಟ್ಟೆಯ ಮೇಲಿದ್ದರು.

“ಬರ್ರಿ ವೈನಿ, ಕುಂದ್ರಿ. ಮಾರಿ ಯಾಕ ಹಿಂಗಾಗ್ಯಾದ?”

ಹೇಳಿದೆ. ಅವರು ಗಲ್ಲದ ಮೇಲೆ ಕೈಯಿಟ್ಟುಕೊಂಡರು. “ನನ್ನ ಗ್ವಾಡಿ ಬಿದ್ರ ರೊಕ್ಕ ಕೊಡ್ತಾರ, ನಮ್ಮ ಭಾಯ್‌ಗೆ ಏನಾರ ಆದ್ರ ಇಲ್ಲಾ? ಇದ್ಯಾವ ಇನ್ಸಾಫ್ ರೀ?” ಸ್ವಲ್ಪ ಯೋಚಿಸಿ, “ನನ್ನ ತಮ್ಮ ಮಸ್ತಾನನ ಹೆಸರು ಬರೆಸ್ರಿ. ಓಡ್ಸೋದು ಭಾಯ್ ಓಡಿಸ್ಲಿ” ಎಂದರು.

ಇಲ್ಲಿ ಹೆಸರನ್ನು ಹೀಗೆ ಮೊಸರಿನ ಹೆಪ್ಪಿನಂತೆ ಕೈಗಡ ಕೊಟ್ಟುಬಿಡುತ್ತಾರೆ!

“ಸುಳ್ಳು ಬರೆಸಿದ್ರೆ, ಕಷ್ಟ ಬಂದಾಗ ಒಂದು ಕಾಸೂ ಕೊಡಲ್ಲ” ಎಂದರು ಇವರು. “ಥರ್ಡ್ ಪಾರ್ಟಿನೇ ಸಾಕು. ನನ್ನ ಗಾಡಿ ನಾನೇ ಓಡಿಸ್ತೀನಿ.”

“ಆವತ್ತು ಕಲ್ಲು ಇನ್ನೊಂದು ಮೊಳ ಈ ಕಡೆ ಬಂದಿದ್ರೆ? ನಾನು ಯಾರ ಮುಂದೆ ಹೋಗಿ ನಿಂತ್ಕೊಳ್ಳಿ?” ಎಂದು ಕೂಗಿಯೇಬಿಟ್ಟೆ. ಮದ್ದೂರಿನಲ್ಲಾಗಿದ್ದರೆ ನೆರೆಯವರೆದುರು ಗಂಡನ ಮೇಲೆ ದನಿ ಎತ್ತುತ್ತಿರಲಿಲ್ಲ. ಇಲ್ಲಿ ಮನಸ್ಸಿನದನ್ನು ಕಟ್ಟೆಯ ಮೇಲೇ ಆಡಿ ಮುಗಿಸುತ್ತಾರೆ. ನನಗೂ ಅದು ಹತ್ತಿದೆಯೆಂದು ತಿಳಿದದ್ದೇ ಆಗ.

ಹಫೀಜಾಬಿ ನಕ್ಕುಬಿಟ್ಟರು. “ಭಾಯ್, ಸ್ಟೇರಿಂಗ್ ಬಿಟ್ರ ಮೀಸಿ ಉದುರಂಗಿಲ್ರಿ. ಖರೇನೇ ಅವನ ಕೈಗೆ ಕೊಡ್ರಿ.”

ಮಸ್ತಾನ್ ಫರ್ಸಿ ಲಾರಿ ಓಡಿಸುತ್ತಿದ್ದವನು. ಮಾಲೀಕ ಲಾರಿ ಮಾರಿದ ಮೇಲೆ ಮನೆಯಲ್ಲೇ ಇದ್ದ. ಬಂದವನು ಇವರ ಮುಖ ನೋಡದೆ, “ಅಣ್ಣಾ, ಬಾಜೂಕ ಕುಂದ್ರಿ. ಒಂದು ವರ್ಷ, ಈ ಪಾಲಿಸಿ ಮುಗಿಯೋತನಕ. ಆಮ್ಯಾಲ ನೀವು ಕೈ ಮುಗಿದ್ರೂ ನಾ ಓಡ್ಸಂಗಿಲ್ಲ” ಎಂದ.

ಸಂಜೆ ಮಳಖೇಡಕ್ಕೆ ಹೋಗುವ ಗಂಡ ಹೆಂಡತಿ ರೈಲಿಳಿದು ಬಂದಾಗ, ಇವರು ಮುಂದಿನ ಎಡಗಡೆಯ ಬಾಗಿಲು ತೆಗೆದು ಮಸ್ತಾನನ ಪಕ್ಕ ಕೂತರು. ಅಕ್ಕಿ ತರುವ ನೆಪ ಮಾಡಿ ನಾನೂ ಹಿಂದೆ ಹತ್ತಿದೆ. ತಿರುವು ಬಂದಾಗಲೆಲ್ಲ ಇವರು ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಫರ್ಸಿ ಲಾರಿಯೊಂದು ಎದುರಾದಾಗ ಮಸ್ತಾನ್ ಕಾರನ್ನು ಬದಿಗೆ ನಿಲ್ಲಿಸಿಯೇಬಿಟ್ಟ. “ಧೂಳು ಕುಂದರ್ಲಿ ಅಣ್ಣಾ.” ಕಲ್ಲು, ರಸ್ತೆ, ಹೊಲ ಮತ್ತೆ ಬೇರೆಬೇರೆಯಾಗಿ ಕಾಣುವವರೆಗೂ ಕಾದೆವು.

ವಾಪಸು ಬರುವಾಗ ಮೆಲ್ಲಗೆ ಕೇಳಿದೆ: “ಊರಿಗೇ ಹೋಗ್ಬಿಡೋಣವಾ?”

“ಅಲ್ಲಿ ನಾನೊಬ್ಬ ಒಳ್ಳೆ ಡ್ರೈವರು” ಎಂದರು. “ಇಲ್ಲಿ ಇನ್ನೂ ರಸ್ತೆ ಕಲೀಬೇಕು.” ಹೋಗೋಣ ಅನ್ನಲಿಲ್ಲ. ನನಗೆ ಬೇಜಾರೂ ಆಯಿತು, ಹಗುರವೂ ಆಯಿತು.

ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ. ಇವರಿಗೆಂದು ಸಣ್ಣದೊಂದು ರಾಗಿಮುದ್ದೆ. ಕಾರು ಕೊಂಡಂದಿನಿಂದ ಅದರ ಕೀಲಿಯನ್ನು ದಿಂಬಿನಡಿ ಇಟ್ಟು ಮಲಗುವವರು. ಇವತ್ತು ಅದು ಮಸ್ತಾನನ ಜೇಬಿನಲ್ಲಿದೆ. ಇವರಿಗೆ ನಿದ್ದೆ ಹತ್ತಲಿಕ್ಕಿಲ್ಲ ಎಂದುಕೊಂಡಿದ್ದೆ. ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ನಿದ್ದೆ ಹೋಗಿಬಿಟ್ಟಿದ್ದರು.