ಸಿಸ್ಟರ ಪಾಲಿನ ಹೂವು

ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಹಸಿಮೆಣಸಿನಕಾಯಿ ಹುಡುಕಲು ಫ್ರಿಜ್ಜಿನ ಬಾಗಿಲು ತೆಗೆದೆ ನೋಡಿ, ಮರುಗದ ಘಮ ಮುಖಕ್ಕೆ ಬಂತು. ನಮ್ಮ ಚನ್ನರಾಯಪಟ್ಟಣದ ಹೂವಿನವಳು ಮಲ್ಲಿಗೆಯ ನಡುನಡುವೆ ಮರುಗ ಸೇರಿಸಿ ಕಟ್ಟುತ್ತಾಳೆ. ಹಬ್ಬದ ದಿನ ಅವಳ ಮುಂದೆ ನಿಲ್ಲಲು ಜಾಗ ಸಿಗುವುದಿಲ್ಲವೆಂದು ಹಿಂದಿನ ದಿನವೇ ತಂದು ಬಾಳೆಲೆಯಲ್ಲಿ ಸುತ್ತಿಡುವುದು ನನ್ನ ಜಾಣತನ. ಮೆಣಸಿನಕಾಯಿ ಯಾತಕ್ಕೆ ಬೇಕಿತ್ತೋ ಮರೆತು ಅಲ್ಲೇ ನಿಂತಿದ್ದಾಗ ಹಿಂದಿನಿಂದ ಅವ್ವ ಹೇಳಿದಳು.

"ನಾಳಿಕೆ ಸಂಜೆ ಕುಂಕುಮಕ್ಕೆ ಎಂಗುಸ್ರು ಬತ್ತಾರಲ್ಲ, ಆಗ ನಾನು ಮ್ಯಾಲಿನ ರೂಮಲ್ಲಿ ಇರ್ತೀನಿ ಕಣವ್ವ."

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಅವ್ವನನ್ನು ನಾನೇ ಇಲ್ಲಿಗೆ ಕರೆತಂದಿದ್ದೆ. "ಯಾಕವ್ವ?" ಎಂದೆ, ಗೊತ್ತಿದ್ದೂ. "ನಿನ್ ಗಂಡ ತಣ್ಣಗಿರ್ಲಿ" ಎಂದವಳು ಸೊಪ್ಪು ಬಿಡಿಸಲು ಕೂತಳು. ನಾನು ಫ್ರಿಜ್ಜಿನ ಬಾಗಿಲು ಮುಚ್ಚಿದೆ. ಆದರೆ ಮರುಗದ ಘಮ ನನ್ನನ್ನು ಹೂವನ್ನೇ ಮುಡಿಯದ ಒಬ್ಬರ ಹತ್ತಿರ ಕರೆದುಕೊಂಡು ಹೋಯಿತು.

ನಾನು ಬಿ.ಎ. ಓದಿದ್ದು ಹಾಸನದಲ್ಲಿ, ಕ್ರಿಶ್ಚಿಯನ್ ಸನ್ಯಾಸಿನಿಯರು ನಡೆಸುತ್ತಿದ್ದ ಕಾಲೇಜಿನಲ್ಲಿ. ಸಮಾಜಶಾಸ್ತ್ರ ತೆಗೆದುಕೊಂಡದ್ದಕ್ಕೆ ಘನವಾದ ಕಾರಣವೇನೂ ಇಲ್ಲ, ಅದರಲ್ಲಿ ಲೆಕ್ಕ ಇರುವುದಿಲ್ಲ ಎಂದು ಯಾರೋ ಹೇಳಿದ್ದರು. 'ಮದುವೆ ಮತ್ತು ಕುಟುಂಬ' ಎಂಬ ಪಾಠ ಮಾಡುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಸಿಸ್ಟರ್. ಮದುವೆಯನ್ನೇ ಆಗದೆ ಮನೆ ಬಿಟ್ಟು ಬಂದವರು ನಮಗೆ ಮದುವೆಯ ವಿಧಗಳನ್ನು ವಿವರಿಸುವಾಗ ಹಿಂದಿನ ಬೆಂಚಿನ ನಾವು ಮುಸಿಮುಸಿ ನಗುತ್ತಿದ್ದೆವು. ಅವಿಭಕ್ತ ಕುಟುಂಬದ ಅನುಕೂಲಗಳನ್ನು ನಾನು ಗೈಡ್ ನೋಡಿ ಉರು ಹೊಡೆದಿದ್ದೆ. 'ವೃದ್ಧರಿಗೂ ವಿಧವೆಯರಿಗೂ ಆಸರೆ ದೊರೆಯುತ್ತದೆ' ಎಂದು ಟೆಸ್ಟಿನಲ್ಲಿ ಬರೆದರೆ, ಸಿಸ್ಟರ್ ಪಕ್ಕದಲ್ಲಿ 'ನಿಮ್ಮ ಮನೆಯಲ್ಲಿ?' ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟರು. ನಾನು ಅಂಕ ಎಷ್ಟು ಬಂತು ಎಂದಷ್ಟೇ ನೋಡಿಕೊಂಡೆ.

ಆ ಪಾಠದ ಅಂಗವಾಗಿ ಸಿಸ್ಟರ್ ನಮ್ಮ ಮನೆಗಳಿಗೂ ಬರುತ್ತಿದ್ದರು. ನಮ್ಮದು ಅರಕಲಗೂಡು ದಾಟಿ ಮಲ್ಲಿಪಟ್ಟಣದ ಕಡೆ, ಶುಂಠಿ ಆಲೂಗಡ್ಡೆ ಬೆಳೆಯುವ ಮನೆ. ಸಿಸ್ಟರ್ ಬರುತ್ತಾರೆಂದು ಅಪ್ಪ ಹೊಸ ಶರ್ಟು ಹಾಕಿಕೊಂಡು, ಬಂದ ಕೂಡಲೇ ಕೈಮುಗಿದು, ಮಾತು ತೋಚದೆ ಹೊಲಕ್ಕೆ ಹೋಗಿಬಿಟ್ಟ. ಮಾತಿಗೆ ಕೂತವಳು ಅಪ್ಪನ ಅವ್ವ, ನನ್ನಜ್ಜಿ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಆ ಮನೆಯನ್ನು ಎತ್ತಿ ನಿಲ್ಲಿಸಿದವಳು.

"ನಿಂಗೆ ಮದ್ವೆ ಆಗಿಲ್ವಾ ತಾಯಿ?"

"ಇಲ್ಲ ಅಜ್ಜಿ."

"ಮತ್ತೆ ಈ ಉಡ್ಗೀರಿಗೆ ಸಂಸಾರದ ಪಾಠ ಎಂಗೆ ಯೋಳ್ಕೊಡ್ತೀಯ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಿಸ್ಟರ್ ಮಾತ್ರ ನಕ್ಕುಬಿಟ್ಟರು. "ಅದನ್ನು ಕಲೀಲಿಕ್ಕೇ ಅಲ್ವಾ ನಿಮ್ಮ ಮನೆಗೆ ಬಂದದ್ದು" ಎಂದರು. ಅಲ್ಲಿಂದ ಇಬ್ಬರಿಗೂ ಗೆಳೆತನ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತಾ ಅವರು ಅಷ್ಟು ಹೊತ್ತು ಏನು ಮಾತಾಡಿದರೋ, ಪಾಠ ಕೇಳಬೇಕಾದ ನಾನು ರೊಟ್ಟಿ ಬಡಿಸಿಕೊಂಡಿದ್ದೆ.

ಕಷ್ಟ ಬಂದದ್ದು ಅವರು ಹೊರಡುವಾಗ. ಮನೆಗೆ ಬಂದ ಹೆಂಗಸನ್ನು ಅರಿಶಿನ ಕುಂಕುಮ ಕೊಡದೆ ಕಳಿಸುವುದುಂಟೇ? ಅವ್ವ ತಟ್ಟೆ ಹಿಡಿದು ನಡುಮನೆಗೆ ಬಂದವಳು ಸಿಸ್ಟರ ಬರಿ ಹಣೆ ನೋಡಿ ನಿಂತುಬಿಟ್ಟಳು. ಕೊಟ್ಟರೆ ಅವರಿಗೆ ಮುಜುಗರ, ಕೊಡದಿದ್ದರೆ ನಮಗೆ. ಓದಿದವಳು ಏನಾದರೂ ಹೇಳಲಿ ಎಂದು ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. ಕೊನೆಗೆ ಅಡುಗೆಮನೆಯ ಕಡೆ ತಿರುಗಿ, "ಅತ್ತೆ, ಏನ್ ಮಾಡಾದು?" ಎಂದಳು. ತಟ್ಟೆ ಬಂದ ಕೂಡಲೇ ಅಜ್ಜಿ ಎದ್ದು ಅಲ್ಲಿನ ಬಾಗಿಲ ಹಿಂದೆ ಹೋಗಿದ್ದಳು. ಯಾವಾಗಲೂ ಹೋಗುತ್ತಿದ್ದಳು. ಅದು ನಮಗೆಷ್ಟು ರೂಢಿಯಾಗಿತ್ತೆಂದರೆ, ಅವಳು ಎದ್ದು ಹೋದದ್ದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

"ಕುಂಕ್ಮ ಬ್ಯಾಡ, ಊವ ಅಣ್ಣು ಕೊಡವ್ವ. ನನ್ನಂಗೇ ಅಲ್ವಾ ಅವ್ರೂ" ಎಂದಿತು ಬಾಗಿಲ ಹಿಂದಿನ ದನಿ.

ಸಿಸ್ಟರ್ ಆ ಬಾಗಿಲನ್ನೇ ನೋಡಿದರು. "ಹಾಗಾದರೆ ಅಜ್ಜಿಯೇ ಕೊಡಲಿ" ಎಂದರು.

"ನಾನು ಮುಟ್ಟಬಾರ್ದು ಕಣ್ ತಾಯಿ. ಇಸ್ಕೊಂಡೋರಿಗೆ ಒಳ್ಳೇದಲ್ಲ."

"ನನಗೆ ಅದರಿಂದ ಏನಾಗ್ತದೆ ಅಜ್ಜಿ? ಹೋಗಲಿಕ್ಕೆ ನನಗೆ ಗಂಡನೇ ಇಲ್ಲವಲ್ಲ!"

ಬಾಗಿಲ ಹಿಂದಿನಿಂದ ಅಜ್ಜಿ ಗಹಗಹಿಸಿ ನಕ್ಕಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದು ಮರುಗ ಸೇರಿಸಿ ಕಟ್ಟಿದ್ದ ಹೂವು ಎತ್ತಿ ಕೊಟ್ಟಳು. ಸಿಸ್ಟರ್ ಆ ಮಾಲೆಯನ್ನು ನಡುವೆ ಕಿತ್ತು, ಅರ್ಧವನ್ನು ಅಜ್ಜಿಯ ಅಂಗೈಯಲ್ಲಿಟ್ಟರು. "ನೀವೂ ಮುಡಿಯುವುದಿಲ್ಲ, ನಾನೂ ಮುಡಿಯುವುದಿಲ್ಲ. ಕೈಯಲ್ಲಿ ಹಿಡಿದುಕೊಳ್ಳುವ, ಪರಿಮಳಕ್ಕೆ" ಎಂದರು.

ಆ ಸಂಜೆ ಅಜ್ಜಿ ಜಗಲಿಯ ಮೇಲೆ ಹೂವು ಹಿಡಿದುಕೊಂಡೇ ಕೂತಿದ್ದಳು. ಮಲಗುವಾಗ ಅದನ್ನು ನೀರಿನ ಚೊಂಬಿನಲ್ಲಿ ಹಾಕಿ ತಲೆದೆಸೆಯಲ್ಲಿ ಇಟ್ಟುಕೊಂಡಳು. ಮುಂದಿನ ವರ್ಷ ಸಿಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಹಾಸ್ಟೆಲ್ಲಿನಿಂದ ಬಂದಾಗಲೆಲ್ಲ ಅಜ್ಜಿ, "ನಿಮ್ ಸಿಸ್ಟ್ರಮ್ಮ ಯಾವಾಗ್ ಬತ್ತಾರೆ?" ಎಂದು ಕೇಳುತ್ತಿದ್ದಳು. ಮಿಕ್ಕ ಹೆಂಗಸರು ಬಂದಾಗ ಅವಳ ಜಾಗ ಮತ್ತೆ ಆ ಬಾಗಿಲ ಹಿಂದೆಯೇ. ತೀರಿಕೊಳ್ಳುವವರೆಗೂ ಹಾಗೆಯೇ.

ಮೊನ್ನೆ ಹಬ್ಬದ ಸಂಜೆ ಅವ್ವ ಹೇಳಿದಂತೆಯೇ ಮೇಲೆ ಹೋದಳು. ನಾನು ತಟ್ಟೆ ಜೋಡಿಸಿಟ್ಟು, ನನ್ನ ಪಾಲಿನ ಹೂವು ಹಿಡಿದು ಹಿಂದೆಯೇ ಹತ್ತಿದೆ. ಸಿಸ್ಟರ ಮಾತು ನನಗೆ ಒದಗುವಂಥದ್ದಲ್ಲ, ನನಗೆ ಗಂಡ ಇದ್ದಾರೆ, ಅವ್ವನ ಭಯವೂ ಅವರ ಬಗ್ಗೆಯೇ. ಹಾಗಾಗಿ ಮಂಚದ ಮೇಲೆ ಅವಳ ಪಕ್ಕ ಕೂತು ಹೂವನ್ನು ನಡುವೆ ಕಿತ್ತು, ಅರ್ಧ ಅವಳ ಕೈಗೆ ಕೊಟ್ಟೆ. ಉಳಿದರ್ಧವನ್ನು ಮುಡಿಯದೆ ಹಿಡಿದುಕೊಂಡೆ.

ಅವ್ವ ನನ್ನ ಬರಿ ಜಡೆ ನೋಡಿದಳು. "ಮುಡ್ಕೊಳ್ಳೇ" ಎಂದಳು.

"ನೀನು ಕೆಳಗೆ ಬಂದ್ರೆ ಮುಡ್ಕೋತೀನಿ."

"ಅತ್ತೆ ಆವತ್ತು ಎಂಗ್ ನಕ್ಬುಟ್ಟಿದ್ರು!" ಎಂದು ಅವ್ವ ಅಳತೊಡಗಿದಳು. ನನಗೂ ಅಳು ಬಂತು. ಕೆಳಗೆ ಕಾಲಿಂಗ್ ಬೆಲ್ ಆಯಿತು. ಅವ್ವ ಮೂಗು ಒರೆಸಿಕೊಂಡು, ನನ್ನ ಕೈಲಿದ್ದುದನ್ನು ತಾನೇ ನನ್ನ ಜಡೆಗೆ ಸಿಕ್ಕಿಸಿ ಎದ್ದಳು. "ಕುಂಕ್ಮ ನೀನ್ ಕೊಡು. ಊವ ನಾನ್ ಕೊಡ್ತೀನಿ. ಇಸ್ಕೊಂಡ್ರೆ ಇಸ್ಕೊಳ್ಲಿ."

ಮೊದಲು ಬಂದವಳು ಎದುರುಮನೆಯ ಹುಡುಗಿ, ಹೋದ ವರ್ಷ ಮದುವೆಯಾದವಳು. ನಾನು ಕುಂಕುಮ ಕೊಟ್ಟೆ. ಅವ್ವ ಹೂವು ಚಾಚಿದಳು. ಹುಡುಗಿ ಒಮ್ಮೆ ಅವ್ವನ ಬರಿ ಹಣೆ ನೋಡಿದಳು. ಅವಳು ಹೂವು ಇಸಿದುಕೊಂಡು, ಮೂಸಿ, ಮುಡಿದುಕೊಂಡಳು.

"ಎಷ್ಟ್ ಘಮ ಅಂತಿದೆ ಅಜ್ಜಿ," ಎಂದಳು, "ಇನ್ನೊಂಚೂರು ಕೊಡಿ."