ಓದಿ ಹೇಳಬಹುದು, ಅರ್ಥ ಹೇಳಬಾರದು

ಓದುವ ಕೋಣೆಯ ನಿಶ್ಶಬ್ದದಲ್ಲಿ ಮಣಿಸರಗಳು ಒಂದಕ್ಕೊಂದು ತಾಗಿದ ಆ ಕಿಣಿಕಿಣಿ ಇನ್ನೂ ನನ್ನ ಕಿವಿಯಲ್ಲಿದೆ. ೧೯೮೮. ಪಣಜಿಯ ಒಂದು ಆಸ್ಪತ್ರೆಯ ಮೆಡಿಕಲ್ ಲೈಬ್ರರಿಯಲ್ಲಿ ನಾನು ರೆಫರೆನ್ಸ್ ಲೈಬ್ರೇರಿಯನ್. ಎಂದರೆ, ಡಾಕ್ಟರುಗಳು ಕೇಳಿದ ವಿಷಯ ಯಾವ ಪುಸ್ತಕದಲ್ಲಿ, ಯಾವ ಜರ್ನಲ್‌ನಲ್ಲಿದೆ ಎಂದು ಹುಡುಕಿಕೊಡುವವಳು. ತಲೆಯೆತ್ತಿದರೆ ಎದುರಿಗೆ ತೋಳಿನ ತುಂಬ ಸರ ಇಳಿಬಿಟ್ಟುಕೊಂಡ ಒಬ್ಬ ಹೆಂಗಸು, ಪಕ್ಕದಲ್ಲಿ ಪುಟ್ಟ ಮಗಳು. ಕಲಂಗುಟ್ ಬೀಚಿನಲ್ಲಿ ಸರ ಮಾರುತ್ತಿದ್ದ ವಿಜಾಪುರದ ಸೀತವ್ವ.

“ಇಲ್ಲಿ ಕನ್ನಡದ ಬಾಯಾರು ಅದಾರಂತ. ನೀವೇನ್ರಿ?”

ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಹೌದೆನ್ನಲು ಒಂದು ಕ್ಷಣ ಬೇಕಾಯಿತು.

ಮಗಳು ರೇಣುಕಾಗೆ ಫಿಟ್ಸ್. ಗುಳಿಗೆ ಶುರುವಾದ ಮೇಲೆ ನಿಂತಿತ್ತು. “ಜಡ್ಡ ಹೋತಲ್ಲ, ಇನ್ನ ಗುಳಗಿ ಯಾಕಂತ ಬಿಟ್ಟೆ. ಮತ್ತ ಬಂತು. ಈಗ ನಮ್ಮ ಮನಿಯವರು ಗುಳಗಿ ಸಾಕು, ಊರಿಗಿ ಹೋಗಿ ತಾಯತ ಕಟ್ಟಸೂಣು ಅನ್ನಾಕತ್ಯಾರ. ನೀವ ಹೇಳ್ರಿ, ಗುಳಗಿ ಖರೇನೋ, ತಾಯತ ಖರೇನೋ?”

ವಾರ್ಡಿನಲ್ಲಿ ಕೇಳಿದ್ದಳಂತೆ. ಡಾಕ್ಟರದು ಇಂಗ್ಲಿಷ್, ನರ್ಸಮ್ಮನದು ಕೊಂಕಣಿ.

ನಮ್ಮ ವೃತ್ತಿಯಲ್ಲೊಂದು ಕಟ್ಟುನಿಟ್ಟು: ಪುಸ್ತಕದಲ್ಲಿರುವುದನ್ನು ಓದಿ ಹೇಳಬಹುದು, ಅರ್ಥ ಹೇಳಬಾರದು. ಅರ್ಥ ಹೇಳುವುದು ಡಾಕ್ಟರ ಕೆಲಸ. ಒಳ್ಳೆಯ ರೂಲ್, ಇವತ್ತಿಗೂ ಒಪ್ಪುತ್ತೇನೆ. ಆದರೆ ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಓದಿದರೆ ಅರ್ಧ ಅರ್ಥ ಹೇಳಿದ ಹಾಗೇ ಅಲ್ಲವೇ? ಪುಸ್ತಕ ತೆಗೆದು ಓದಿದೆ: ಫಿಟ್ಸ್ ನಿಂತರೂ ಈ ಔಷಧಿಯನ್ನು ಥಟ್ಟನೆ ಬಿಡಬಾರದು.

“ನನ್ನ ಮಗಳಿಗೆ ಗುಳಗಿ ಎಷ್ಟ ದಿನಾರೀ?”

ಅದು ಪುಸ್ತಕದಲ್ಲಿರಲಿಲ್ಲ. ಡೆಸ್ಕ್ ಬಿಟ್ಟು ಅವಳನ್ನು ವಾರ್ಡಿಗೆ ಕರೆದೊಯ್ದೆ. ಡಾಕ್ಟರ್ ಹುಬ್ಬೇರಿಸಿದರು. “ಮೇಡಮ್, ನೀವು ಲೈಬ್ರೇರಿಯನ್ನೋ, ಇಂಟರ್ಪ್ರಿಟರೋ?” ಆಮೇಲೆ ಉತ್ತರ ಕೊಟ್ಟರು: “ಫಿಟ್ಸ್ ಇಲ್ಲದೆ ಎರಡು ವರ್ಷ ಕಳೆಯಲಿ. ಆಮೇಲೆ ನಾನೇ ಸ್ವಲ್ಪ ಸ್ವಲ್ಪ ಇಳಿಸುತ್ತೇನೆ.” ನಾನು ಕನ್ನಡದಲ್ಲಿ ಹೇಳಿದೆ. ಸೀತವ್ವ ಎರಡು ಬೆರಳೆತ್ತಿ ಡಾಕ್ಟರಿಗೇ ತೋರಿಸಿ ಖಾತ್ರಿ ಮಾಡಿಕೊಂಡಳು. ಅಷ್ಟೇ ಕೆಲಸ. ಅದಕ್ಕೆ ನನಗೊಂದು ಮೆಮೋ: ಡೆಸ್ಕ್ ಖಾಲಿ ಬಿಟ್ಟಿದ್ದೇಕೆ?

ಅವಳು ಸುಮ್ಮನಿರಲಿಲ್ಲ. ಮುಂದಿನ ತಿಂಗಳು ಬೀಚಿನ ಇನ್ನೂ ಮೂವರು ಹೆಂಗಸರು ತಮ್ಮ ತಮ್ಮ ಕೇಸ್ ಪೇಪರ್ ಹಿಡಿದು ಬಂದರು. ನಾನು ಲೈಬ್ರರಿ ಕಮಿಟಿಗೆ ಬರೆದೆ: ವಾರಕ್ಕೊಂದು ಸಂಜೆ ಒಬ್ಬ ಡಾಕ್ಟರ್ ಲೈಬ್ರರಿಯಲ್ಲಿ ಕೂತು ಇವರ ಪ್ರಶ್ನೆಗೆ ಉತ್ತರಿಸಲಿ, ಕನ್ನಡಕ್ಕೆ ನಾನಿದ್ದೇನೆ. ಅಧ್ಯಕ್ಷರು ನಕ್ಕರು. “ಲೈಬ್ರರಿ ಓದುವವರಿಗೆ, ಮೇಡಮ್. ಇವರಿಗೆ ಓದು ಬರುತ್ತದೆಯೇ?” ಮುಂದಿನ ಮೀಟಿಂಗಿಗೆ ನೋಡೋಣ ಎಂದರು. ಪ್ರತಿ ಮೀಟಿಂಗಿನಲ್ಲೂ ಹಾಗೇ ಎಂದರು. ಕೊನೆಗೆ ಬಂದದ್ದು ಒಂದು ಬೋರ್ಡ್: ಸದಸ್ಯರಿಗೆ ಮಾತ್ರ ಪ್ರವೇಶ. ಇಂಗ್ಲಿಷಿನಲ್ಲಿ. ಹೆಂಗಸರು ಅದರ ಕೆಳಗೇ ನೆರಳಿಗೆ ಕೂತು ನನಗಾಗಿ ಕಾದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ವಾಚ್‌ಮನ್ ಎಬ್ಬಿಸಿ ಕಳಿಸಿದ. ಕ್ರಮೇಣ ಬರುವುದೇ ನಿಂತಿತು. ಪ್ರಶ್ನೆಗಳು ಮುಗಿದವೆಂದು ಕಮಿಟಿ ತಿಳಿಯಿತು.

ಬಾಗಿಲು ಹಾಕಿದರೆ ಪ್ರಶ್ನೆ ನಿಲ್ಲುವುದಿಲ್ಲ, ಬೇರೆ ಬಾಗಿಲು ಹುಡುಕುತ್ತದೆ. ನೌಕರಿ ನನಗೆ ಕಲಿಸಿದ್ದು ಇದು. ಕಲಿತದ್ದು ಮಾತ್ರ ತಡವಾಗಿ, ನದಿಯಾಚೆಯ ಬೇತಿಂಗೆ ಹೋಗುವ ಫೆರ್ರಿ ದೋಣಿಯಲ್ಲಿ, ತೊಂಬತ್ತರ ದಶಕದ ನಡುವೆ. ಅದೇ ಕಿಣಿಕಿಣಿ ಕೇಳಿ ತಿರುಗಿದೆ.

“ಬಾಯಾರ! ನೋಡ್ರಿ, ನಮ್ಮ ರೇಣುಕಾ!” ತಾಯಿಗಿಂತ ಎತ್ತರದ ಹುಡುಗಿ ನಕ್ಕಳು. ಗುಳಿಗೆ ಡಾಕ್ಟರೇ ಇಳಿಸಿ ನಿಲ್ಲಿಸಿದ್ದರಂತೆ. ನನ್ನ ಕಣ್ಣು ತುಂಬಿತು.

“ಈಗ ನಮ್ಮ ಮಂದಿ ಎಲ್ಲಾರೂ ನನ್ನ ಕಡೆನ ಬರ್ತಾರ್ರಿ,” ಎಂದಳು ಹೆಮ್ಮೆಯಿಂದ. “ಜ್ವರದ್ದಿರಲಿ, ಕೆಮ್ಮಿಂದಿರಲಿ, ಎರಡ ವರ್ಷ ಗುಳಗಿ ಬಿಡಬ್ಯಾಡ್ರಿ ಅಂತ ಹೇಳ್ತೇನಿ. ನೀವ ಹೇಳಿದ್ದು!”

“ಅಯ್ಯೋ ಸೀತವ್ವ, ಎಲ್ಲಾ ಗುಳಗಿಗೂ ಅದ ಮಾತಲ್ಲ! ಅದು ರೇಣುಕಾಗ ಅಷ್ಟ…”

ಫೆರ್ರಿಯ ಹಲಗೆ ದಡಕ್ಕೆ ಬಡಿಯಿತು. ಸ್ಕೂಟರುಗಳೆಲ್ಲ ಒಟ್ಟಿಗೆ ಶುರುವಾದವು. ನಾನು ಕೂಗಿದೆ, ಅವಳಿಗೆ ಕೇಳಿಸಲಿಲ್ಲ. ಜನರ ನಡುವಿನಿಂದ ತಿರುಗಿ ನೋಡಿ, ಎಲ್ಲ ನೆನಪಿದೆ ಎಂಬಂತೆ ಎರಡು ಬೆರಳೆತ್ತಿ ತೋರಿಸಿ, ನಗುತ್ತ ದಡ ಹತ್ತಿ ಹೋದಳು.